ಹನ್ನೆರಡನೇ ಅಧ್ಯಾಯಕ್ಕೆ ಹನ್ನೆರಡು ಗಿಂಕೊ ಬೀಜ

ಅಮೆರಿಕದ ಶುಗರ್ ಲ್ಯಾಂಡ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಸತ್ಯಪ್ರಕಾಶನಿಗೆ ಗೊತ್ತಿಲ್ಲದ್ದು ಅಂತ ಯಾವುದೂ ಇರಲಿಲ್ಲ. ಸಂಬಳ ಬರುತ್ತಿದ್ದದ್ದು ತೈಲ ಕಂಪನಿಯ ಪೈಪುಗಳನ್ನು ನೋಡಿಕೊಂಡಿದ್ದಕ್ಕೆ, ಔಷಧ ಹೇಳುತ್ತಿದ್ದದ್ದು ಊರಿಗೆಲ್ಲ. ಮೂವತ್ತು ವರ್ಷ ನರ್ಸ್ ಆಗಿ ದುಡಿದ ನನಗೇ ಬಿಪಿ ಮಾತ್ರೆ ಬಿಟ್ಟು ಮೆಂತ್ಯದ ನೀರು ಕುಡಿಯಿರಿ ಎಂದ ಭೂಪ! ಕನ್ನಡ ಸಂಘದ ಇ-ಮೇಲ್ ಪಟ್ಟಿಗೆ ದಿನಕ್ಕೊಂದು ಆರೋಗ್ಯ ಸಲಹೆ ಕಳಿಸುತ್ತಿದ್ದ. ಜನ ಅದನ್ನು ಓದದೆ ಅಳಿಸಿ, ಎದುರಿಗೆ ಸಿಕ್ಕಾಗ "ತುಂಬಾ ಉಪಯೋಗ ಆಯ್ತು ಸರ್" ಎನ್ನುತ್ತಿದ್ದರು. ಹಾಗೆಂದವರಲ್ಲಿ ನಾನೂ ಒಬ್ಬಳು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಅವನಿಗೆ ಗಿಂಕೊ ಹುಚ್ಚು ಹಿಡಿಯಿತು. ಗಿಂಕೊ ಎಂಬ ಚೀನಾದ ಮರದ ಎಲೆಯಿಂದ ಮಾಡಿದ ನೆನಪಿನ ಮಾತ್ರೆ ಆಗ ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುತ್ತಿತ್ತು. ಅದರಿಂದ ನೆನಪು ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಶೀಶೆ ಮಾತ್ರ ಚೆನ್ನಾಗಿತ್ತು.

"ಎಲೆಗೇ ಇಷ್ಟು ಪವರ್ ಇದ್ರೆ ಬೀಜಕ್ಕೆ ಎಷ್ಟಿರ್ಬೇಡ, ಭಾನುಮತಿಯವ್ರೇ?" ಎಂದು ಬೇಲಿಯಾಚೆಯಿಂದ ಕೇಳಿದ.

"ಎಷ್ಟಾದ್ರೂ ಇರ್ಲಿ, ನನ್ನ ಒಗ್ಗರಣೆ ಸೀದುಹೋಗ್ತಿದೆ" ಎಂದು ಒಳಗೆ ಬಂದೆ. ನಿಂತು ಎರಡು ಮಾತು ಕೇಳಬೇಕಿತ್ತು.

ವಿಷಯ ಏನೆಂದರೆ, ಅವನ ಒಂಬತ್ತು ವರ್ಷದ ಮಗಳು ಸಿಯಾ ದೇವಸ್ಥಾನದ ಗೀತಾ ಕಂಠಪಾಠ ಸ್ಪರ್ಧೆಯಲ್ಲಿ ಹಿಂದಿನ ವರ್ಷ ಒಂದು ಶ್ಲೋಕ ಮರೆತಿದ್ದಳು. ಮಗು ಆ ಸಂಜೆಯೇ ಎಲ್ಲ ಮರೆತು ಆಡಿಕೊಂಡಿತ್ತು. ಅಪ್ಪನಿಗೆ ಮಾತ್ರ ವರ್ಷವಿಡೀ ಅದೇ ಕೊರಗು.

ಬೆಲೇರ್ ರಸ್ತೆಯ ಚೀನೀ ಅಂಗಡಿಯೊಂದರಿಂದ ಹಸಿ ಗಿಂಕೊ ಬೀಜ ತಂದ. ಚಿಪ್ಪಿನ ಸಮೇತ ನೋಡಿದರೆ ಪಿಸ್ತಾದ ಅಣ್ಣನ ಹಾಗಿತ್ತು. ಅಂಗಡಿಯ ಮುದುಕಿ ಬೆರಳು ಮಡಚಿ, ಚೆನ್ನಾಗಿ ಬೇಯಿಸು, ದೊಡ್ಡವರಿಗೆ ನಾಲ್ಕೈದು, ಮಕ್ಕಳಿಗೆ ಬೇಡವೇ ಬೇಡ ಎಂದಳಂತೆ. ಅವರು ಗಂಜಿಗೆ ನಾಲ್ಕು ಕಾಳು ಹಾಕಿಕೊಳ್ಳುತ್ತಾರೆ, ಕೆಮ್ಮಿಗೆ ಒಳ್ಳೆಯದೆನ್ನುತ್ತಾರೆ, ಅಷ್ಟೆ. ಇವನು ಮನೆಗೆ ಬಂದು ನಕ್ಕನಂತೆ. "ಬೇಯಿಸಿದ್ರೆ ಸತ್ವ ಹೋಗುತ್ತೆ. ಬಾದಾಮಿ ನೆನೆಸಿ ತಿನ್ನೋ ಜನ ನಾವು, ನಮಗೇ ಪಾಠಾನಾ?" ಇದನ್ನೆಲ್ಲ ಅವನ ಹೆಂಡತಿ ನಳಿನಿ ನನಗೆ ಆಮೇಲೆ ಹೇಳಿದಳು.

ಚಿಪ್ಪು ಒಡೆದು, ನೆನೆಸಿ, ಬೆಳಿಗ್ಗೆ ಸಿಪ್ಪೆ ಸುಲಿದು, ಜೇನುತುಪ್ಪದಲ್ಲಿ ಅದ್ದಿ ಖಾಲಿ ಹೊಟ್ಟೆಗೆ ಕೊಡುವುದು. ಎಷ್ಟು? ಸಿಯಾ ಹೇಳಬೇಕಿದ್ದದ್ದು ಹನ್ನೆರಡನೇ ಅಧ್ಯಾಯ, ಆದ್ದರಿಂದ ಹನ್ನೆರಡು! ಇಂಥ ಲೆಕ್ಕ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ.

ಭಾನುವಾರ ದೇವಸ್ಥಾನದ ಸಭಾಂಗಣದಲ್ಲಿ ನಾನು ಎರಡನೇ ಸಾಲಿನಲ್ಲಿದ್ದೆ. ಸಿಯಾ ಏಳು ಶ್ಲೋಕ ಸೊಗಸಾಗಿ ಹೇಳಿ, ಎಂಟನೆಯದಕ್ಕೆ ನಿಂತುಬಿಟ್ಟಳು. ಸತ್ಯಪ್ರಕಾಶ ಕುರ್ಚಿಯಿಂದ ಅರ್ಧ ಎದ್ದು, ತುಟಿಯಲ್ಲೇ ಮುಂದಿನ ಪದ ಹೇಳಿಕೊಡುತ್ತಿದ್ದ. ಅವಳ ಕಣ್ಣು ಮೇಲಕ್ಕೆ ಹೋಯಿತು. ಮೈಕಿನ ಸಮೇತ ಬಿದ್ದಳು, ಕೈಕಾಲು ಸೆಟೆದು ಅದುರತೊಡಗಿದವು. ಯಾರೋ ಕಬ್ಬಿಣ ಹಿಡಿಸಿ ಎಂದು ಕಾರಿನ ಕೀಗೊಂಚಲು ತಂದರು. "ದೂರ ಸರೀರಿ ಎಲ್ರೂ!" ಎಂದು ಕಿರುಚಿ ಮಗುವನ್ನು ಪಕ್ಕಕ್ಕೆ ಹೊರಳಿಸಿದೆ.

ಆಸ್ಪತ್ರೆಯಲ್ಲಿ ಮತ್ತೊಮ್ಮೆ ಫಿಟ್ಸ್ ಬಂತು. ಬೆಳಿಗ್ಗೆ ಏನು ತಿಂದಳು ಎಂದು ಡಾಕ್ಟರ್ ಕೇಳಿದರೆ ನಮ್ಮ ಧನ್ವಂತರಿ "ಇಡ್ಲಿ" ಎಂದ.

"ಬೀಜ ಹೇಳ್ರೀ!" ಎಂದು ನಳಿನಿ ಅವನ ತೋಳಿಗೆ ಗುದ್ದಿದಳು.

ಆಮೇಲೆ ಬಾಯಿಬಿಟ್ಟ. ಡಾಕ್ಟರ್ ಯಾರಿಗೋ ಫೋನ್ ಮಾಡಿ ವಿಚಾರಿಸಿ, ಬಿ6 ವಿಟಮಿನ್ ಅನ್ನು ರಕ್ತನಾಳಕ್ಕೆ ಕೊಟ್ಟರು. ಆ ಬೀಜದ ವಿಷ ಮಿದುಳಿನಲ್ಲಿ ಬಿ6 ಕೆಲಸ ಮಾಡದಂತೆ ತಡೆಯುತ್ತದಂತೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲವಂತೆ. ಇನ್ನಷ್ಟು ತಿಂದಿದ್ದರೆ ಮಗು ಉಳಿಯುವುದು ಕಷ್ಟವಿತ್ತು ಎಂದರು.

ಬುಧವಾರ ಸಿಯಾ ಮನೆಗೆ ಬಂದಳು. ನೋಡಲು ಬಂದವರಿಗೆಲ್ಲ ಸತ್ಯಪ್ರಕಾಶ "ಏನೋ ವೈರಲ್ ಜ್ವರ, ತಲೆಗೇರ್ಬಿಟ್ಟಿತ್ತು" ಎನ್ನುತ್ತಿದ್ದ. ನಳಿನಿ ಹಲ್ಲು ಕಚ್ಚಿಕೊಂಡು ಕಾಫಿ ಕೊಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವರ ಮನೆಯ ಮಾನ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಈ ಮಾನಕ್ಕಿಷ್ಟು ಬೆಂಕಿ ಹಾಕ!

ಅಷ್ಟರಲ್ಲಿ, ನೋಡಲು ಬಂದಿದ್ದ ಸಂಘದ ಮೃಣಾಲಿನಿ ಕೇಳಿದಳು. ಅವಳ ಮಗ ಅನೂಪನಿಗೆ ಮುಂದಿನ ಭಾನುವಾರ ದೊಡ್ಡ ಮಕ್ಕಳ ಸ್ಪರ್ಧೆಯಿತ್ತು. "ಸತ್ಯಪ್ರಕಾಶ್ ಅವ್ರೇ, ಹೋದ ವಾರ ನೀವು ಕೊಟ್ರಲ್ಲ ಆ ಬೀಜ, ಇವತ್ತು ನೆನೆಹಾಕಿದೀನಿ. ಅನೂಪ್‌ದು ಹದಿನೈದನೇ ಅಧ್ಯಾಯ. ನಾಳೆ ಬೆಳಿಗ್ಗೆ ಹದಿನೈದೇ ಕೊಡ್ಲಾ?"

ಕೋಣೆ ತುಂಬ ಜನ. ಸತ್ಯಪ್ರಕಾಶ ನನ್ನ ಮುಖ ನೋಡಿದ, ಕೈಯಲ್ಲಿದ್ದ ಲೋಟ ನೋಡಿದ.

"ಅಷ್ಟೊಂದು ಬೇಡಮ್ಮ... ಬೇಯಿಸ್ಬಿಟ್ಟು... ಒಂದು ಐದಾರು..." ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ, ಸೋಫಾದ ಮೇಲೆ ಹೊದ್ದು ಮಲಗಿದ್ದ ಸಿಯಾ ಎದ್ದು ಕೂತಳು. ಎಷ್ಟು ಗದರಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಎಲ್ಲರಿಗೂ ತಿಳಿಯಲೆಂದೋ ಏನೋ, ಕನ್ನಡದಲ್ಲಿ ಹೇಳಿದಳು.

"ಕೊಡ್ಬೇಡಿ ಆಂಟಿ. ಅದನ್ನ ತಿಂದೇ ನಾನು ಬಿದ್ದಿದ್ದು. ಅಪ್ಪ ಸುಳ್ಳು ಹೇಳ್ತಿದಾರೆ."