ಹೊಗೆಯಾಗಿ ಹೋದ ಮಚ್ಚೆ

ಮೊದಲು ಬಂದದ್ದು ತುರಿಕೆ.

ಎಡಗಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ, ಹುಟ್ಟಿನಿಂದ ನನಗೊಂದು ಮಚ್ಚೆಯಿತ್ತು. ಆ ಬೇಸಿಗೆಯಲ್ಲಿ ಅದರ ಅಂಚು ಹರಡತೊಡಗಿತು. ಒಂದು ಬದಿ ಕಂದು, ಇನ್ನೊಂದು ಬದಿ ಕಡುಕಪ್ಪು. ಮುಖ ಒರೆಸಿಕೊಂಡರೆ ಟವೆಲ್ಲಿನಲ್ಲಿ ರಕ್ತದ ಚುಕ್ಕೆ.

ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸಂಜೆ ಗೆಳತಿಯರೊಂದಿಗೆ ವರದಕ್ಷಿಣೆಯ ವಿರುದ್ಧ ಬೀದಿನಾಟಕ ಆಡುತ್ತಿದ್ದೆ. ಮನೆ ಕಾಗದನಗರದ ಕ್ವಾರ್ಟರ್ಸ್. ಅಲ್ಲಿ ಒಂದು ಬೆತ್ತದ ಕುರ್ಚಿಯಿತ್ತು. ಹೆಣ್ಣು ನೋಡಲು ಜನ ಬಂದಾಗ ಅಮ್ಮ ಅದನ್ನು ನನ್ನ ಎಡಗೆನ್ನೆ ಗೋಡೆಯ ಕಡೆಗಿರುವಂತೆ ತಿರುಗಿಸಿ ಇಡುತ್ತಿದ್ದಳು. ಕಣ್ಣಿನ ಕೆಳಗೆ ಮಚ್ಚೆಯಿರುವ ಹೆಣ್ಣು ಸೇರಿದ ಮನೆಯಲ್ಲಿ ಕಣ್ಣೀರು ನಿಲ್ಲುವುದಿಲ್ಲವೆಂಬ ನಂಬಿಕೆ. ಒಮ್ಮೆ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಎದ್ದು, ಗೋಡೆಯ ಸಂದಿಗೇ ಬಂದು ಬಗ್ಗಿ ನೋಡಿ, "ಅಯ್ಯೋ ಮಾರಾಯ್ತಿ, ಪೌಡರ್ ಬಳಿದ್ರೆ ಹಣೆಬರಹ ಮುಚ್ಚುತ್ತಾ?" ಎಂದಿದ್ದರು.

ಹೆಣ್ಣಿನ ಮುಖವನ್ನು ಪಂಚಾಂಗದಂತೆ ಓದುವುದು ಅನ್ಯಾಯ. ಬೀದಿಯಲ್ಲೂ ಹೇಳುತ್ತಿದ್ದೆ, ಮನೆಯಲ್ಲೂ ಹೇಳುತ್ತಿದ್ದೆ. ಮಚ್ಚೆ ತೆಗೆಸುವುದಿಲ್ಲವೆಂದು ವರ್ಷಗಟ್ಟಲೆ ಹಟ ಹಿಡಿದಿದ್ದೆ. ಆದ್ದರಿಂದ ಡಾಕ್ಟರಿಗೆ ತೋರಿಸಬೇಕು ಎಂದು ನಾನೇ ಹೇಳಿದ ದಿನ ಅಮ್ಮನಿಗೆ ಅರ್ಥವಾದದ್ದು ಒಂದೇ.

"ಅಂತೂ ಬುದ್ಧಿ ಬಂತಲ್ಲ ತಾಯಿ!"

ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಸ್ಕಿನ್ ಕ್ಲಿನಿಕ್ಕಿಗೆ ಹೊಸದಾಗಿ ಲೇಸರ್ ಯಂತ್ರ ಬಂದಿತ್ತು. ಡಾಕ್ಟರು ನನ್ನ ಮುಖ ನೋಡುವ ಮೊದಲೇ ಅಮ್ಮನನ್ನು ಕೇಳಿದರು: "ಮದುವೆ ಯಾವಾಗ?"

"ಮದುವೆಗಲ್ಲ ಡಾಕ್ಟ್ರೇ. ತುರಿಸ್ತಿದೆ. ದೊಡ್ಡದಾಗ್ತಿದೆ. ರಕ್ತ ಬರುತ್ತೆ" ಎಂದೆ.

"ಸುಮ್ನಿರೇ" ಎಂದು ಅಮ್ಮ ನನ್ನ ಮೊಣಕೈ ಒತ್ತಿದಳು. "ಬರೋ ತಿಂಗ್ಳು ನೋಡೋಕೆ ಬರ್ತಾರೆ ಡಾಕ್ಟ್ರೇ. ಕಲೆ ಉಳೀಬಾರ್ದು, ಅಷ್ಟೇ."

"ಕೆರ್ಕೊಂಡಿರ್ತಾಳೆ ಬಿಡಿ. ಹೊಲಿಗೆ ಇಲ್ಲ, ಏನಿಲ್ಲ. ಹೊಗೆ ಆಗಿ ಹೋಗುತ್ತೆ."

ಕಣ್ಣಿನ ಮೇಲೆ ಮುಚ್ಚಳವಿಟ್ಟರು. ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಉರಿಯಿತು. ಆಮೇಲೆ ಚಟಚಟ ಸದ್ದು. ಕೂದಲು ಸುಟ್ಟ ವಾಸನೆ. ಅದು ನನ್ನದೇ ವಾಸನೆ ಎಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಮುಲಾಮು ಹಚ್ಚಿ, ಸೋಪು ತಾಗಿಸಬೇಡಿ, ಹಕ್ಕಳೆ ಕೀಳಬೇಡಿ, ಬಿಸಿಲಿಗೆ ಹೋಗಬೇಡಿ ಎಂದರು. ಎಲ್ಲವನ್ನೂ ಪಾಲಿಸಿದೆ. ಗಾಯ ಒಸರಿತು, ಕಪ್ಪಗೆ ಒಣಗಿತು. ಹಕ್ಕಳೆ ತಾನಾಗಿ ಉದುರಿ ಕೆಳಗೆ ಎಳೆಯ ಗುಲಾಬಿ ಚರ್ಮ ಕಂಡಿತು. ಅಮ್ಮ ಬೆತ್ತದ ಕುರ್ಚಿಯನ್ನು ನೇರ ಮಾಡಿದಳು. ಬಂದವರು ಒಪ್ಪಿ ಹೋದರು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಲೆಯ ಅಂಚಿನಲ್ಲಿ ಕಪ್ಪು ಮರಳಿತು.

"ಬಣ್ಣ ವಾಪಸ್ ಬರೋದು ಮಾಮೂಲು" ಎಂದರು ಡಾಕ್ಟರು. ಮತ್ತೆ ಸುಟ್ಟರು.

ದವಡೆಯ ಕೆಳಗೆ ಗಂಟು ಕೈಗೆ ಸಿಕ್ಕಿದ್ದು ಪಾಠ ಮಾಡುವಾಗ. ಮಂಗಳೂರಿನ ದೊಡ್ಡ ಆಸ್ಪತ್ರೆಯ ವೈದ್ಯೆ ಗಂಟನ್ನೂ ಕಲೆಯನ್ನೂ ಬಹಳ ಹೊತ್ತು ಪರೀಕ್ಷಿಸಿ, "ಮಚ್ಚೆ ತೆಗೆದಾಗ ಬಯಾಪ್ಸಿಗೆ ಕಳಿಸಿದ್ರಾ? ರಿಪೋರ್ಟ್ ಎಲ್ಲಿ?" ಎಂದು ಕೇಳಿದರು.

ಕಳಿಸಲು ಏನೂ ಉಳಿದಿರಲಿಲ್ಲ.

ಗಂಟಿನಿಂದ ತೆಗೆದ ಚೂರಿನಲ್ಲಿ ಮೆಲನೋಮ ಎಂದು ಬಂತು, ಮಚ್ಚೆಯಿಂದ ಹಬ್ಬಿದ ಚರ್ಮದ ಕ್ಯಾನ್ಸರ್. ನಮ್ಮ ಮೈಬಣ್ಣದವರಲ್ಲಿ ಮುಖದ ಮೇಲೆ ಇದು ಅಪರೂಪವಂತೆ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಮದುವೆಯ ಮಾತು ಅಲ್ಲಿಗೇ ನಿಂತಿತು. ಆಪರೇಷನ್ ಆಯಿತು, ಕೀಮೋ ಡ್ರಿಪ್‌ಗಳಾದವು, ಕೂದಲು ಹೋಯಿತು. ಈಗ ಸ್ಕ್ಯಾನಿನಲ್ಲಿ ಲಿವರ್ ಮೇಲೂ ಚುಕ್ಕೆಗಳಿವೆ. ವೈದ್ಯೆ ನನ್ನ ಕೈ ಹಿಡಿದು, ಇನ್ನು ನೋವು ತಡೆಯುವುದಷ್ಟೇ ತಮ್ಮ ಕೆಲಸ ಎಂದರು. ಸುಳ್ಳು ಹೇಳದ್ದಕ್ಕೆ ಅವರಿಗೆ ನಾನು ಋಣಿ.

ಲೇಸರ್ ಕಿರಣದ ಮೇಲೆ ನನ್ನ ದೂರಿಲ್ಲ. ನಿರಪಾಯದ ಮಚ್ಚೆಗಳನ್ನು ಅದು ಅಂದವಾಗಿ ತೆಗೆಯಬಹುದು. ದೂರು ಬೇರೆ ಕಡೆಗಿದೆ. ಬೆಳೆಯುವ, ಬಣ್ಣ ಬದಲಿಸುವ, ರಕ್ತ ಸುರಿಸುವ ಮಚ್ಚೆಯನ್ನು ಪರೀಕ್ಷೆಯಿಲ್ಲದೆ ಸುಟ್ಟದ್ದು ತಪ್ಪು. ಎರಡನೆಯ ಸಲ ಸುಟ್ಟದ್ದು ಇನ್ನೂ ದೊಡ್ಡ ತಪ್ಪು. ರೋಗಿ ಎದುರಿಗೆ ಕೂತು ಮಾತಾಡುತ್ತಿರುವಾಗ ಅವಳ ತಾಯಿಯನ್ನು ವಿಚಾರಿಸಿದ್ದು ತಪ್ಪು. ಹೆಣ್ಣಿನ ಮುಖಕ್ಕೆ ಮದುವೆಯ ಹೊರತು ಬೇರೆ ಕಾಯಿಲೆಯೇ ಬರಲಾರದೆಂದು ನಂಬಿದ ಈ ಸಮಾಜ ತಪ್ಪಿತಸ್ಥ. ಇದನ್ನು ಓದುವ ಹೆಣ್ಣುಮಕ್ಕಳೇ, ಮಚ್ಚೆ ಬದಲಾಗಿದ್ದರೆ ಲೇಸರಿಗೆ ಮುಖ ಒಡ್ಡುವ ಮೊದಲು ಚೂರು ತೆಗೆದು ಪರೀಕ್ಷಿಸುವಂತೆ ಕೇಳಿ. ಪಕ್ಕದವರು ಮೊಣಕೈ ಒತ್ತಿದರೂ ಕೇಳಿ.

ಕೇಳಿದ್ದರೆ ಬದುಕುತ್ತಿದ್ದೆನೇ? ಗೊತ್ತಿಲ್ಲ. ಅದನ್ನು ತಿಳಿಯುವ ದಾರಿಯೂ ಆ ಹೊಗೆಯಲ್ಲೇ ಹೋಯಿತು.

ಅಮ್ಮನನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಲು ನನ್ನಿಂದಾಗದು. ಪೂರ್ತಿ ಬಿಟ್ಟುಬಿಡಲೂ ಆಗದು. ಈ ವಿಷಯ ನಾವಿಬ್ಬರೂ ಮಾತಾಡಿಲ್ಲ. ಆದರೆ ಅವಳು ಬೆತ್ತದ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದಿದ್ದಾಳೆ, ನನ್ನ ಎಡಗೆನ್ನೆ ಬೆಳಕಿಗೆ ಬರುವಂತೆ. ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಎದುರಿಗೆ ಕೂರುತ್ತಾಳೆ.

"ತುರಿಸ್ತಿದೆಯಾ?"

"ಇಲ್ಲಮ್ಮ."

"ನೋಯ್ತಿದೆಯಾ?"

"ಹೂಂ."

"ಎಲ್ಲಿ? ಸರಿಯಾಗಿ ಹೇಳೇ."

ನಾನು ಹೇಳುತ್ತೇನೆ. ನಡುವೆ ಬಾಯಿ ಹಾಕದೆ, ಪೂರ್ತಿ ಕೇಳಿಸಿಕೊಳ್ಳುತ್ತಾಳೆ.