ಇಳಿಯೋ ಸದ್ದು

ಜೀರಹಳ್ಳಿಯ ಮಿಲ್ಟ್ರಿ ತಾತ ಯುದ್ಧದಲ್ಲಿ ವಿಮಾನ ಹಾರಿಸಿದವರಲ್ಲ. ಪೈಲಟ್‌ಗೆ ಸೀಟಿನ ಬೆಲ್ಟ್ ಬಿಗಿದು ಕಳಿಸಿ, ಕೆಳಗೆ ನಿಂತು ಕಾದವರು. ಊರಲ್ಲಿ ಯಾರು ಬೈಕ್ ಹತ್ತಿದರೂ ಹೆಗಲು ತಟ್ಟಿ, "ಬಿಗಿಯಾಯ್ತಾ?" ಅನ್ನೋರು.

ಊರವರ ಕೆಮ್ಮನ್ನೂ ನನ್ನದೇ ಗೊರಕೆಯನ್ನೂ ಅಣಕಿಸೋ ನಾನು ತಾತನನ್ನು ಬಿಡ್ತೀನಾ? ಒಂದು ದಿನ ಟೀ ಅಂಗಡಿಯಲ್ಲಿ ಅವರ ಬೆನ್ನ ಹಿಂದೆ ನಿಂತು ವಿಮಾನ ಏರೋ ಸದ್ದು ಮಾಡಿದೆ. ಎಲ್ಲರೂ ನಕ್ಕರು.

ತಾತ ತಿರುಗಲಿಲ್ಲ. "ಏರಿಸ್ಬುಟ್ಟೆ. ಈಗ ಇಳ್ಸು ಕಣ್ಲಾ."

"ಇಳಿಯೋ ಸದ್ದು ನಂಗೊತ್ತಿಲ್ಲ ತಾತ."

"ಯುದ್ಧದಲ್ಲಿ ಒಂದಿನ ನಾಕು ವಿಮಾನ ಹೋದ್ವು, ಮೂರೇ ವಾಪಸ್ ಬಂದ್ವು. ವಾಪಸ್ ಬರ್ದೇ ಹೋದೋನ್ಗೆ ಬೆಲ್ಟ್ ಬಿಗ್ದೋನು ನಾನೇ ಕಣ್ಲಾ."

ಯಾರೂ ನಗಲಿಲ್ಲ. ನಾನು ಕೆನ್ನೆ ಉಬ್ಬಿಸಿ ಏನೋ ಮಾಡಿದೆ. ಬಾಯಿಂದ ಬಂದಿದ್ದು ದಿಂಬಂ ಘಾಟಿ ಇಳಿಯೋ ಬಸ್ಸಿನ ಸದ್ದು. ತಾತ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇದಲ್ಲ ಕಣ್ಲಾ," ಅಂದರು. "ಇರ್ಲಿ, ಇನ್ನೊಂದ್ಸಲ ಮಾಡು."