ಗೋಸುಂಬೆಗೆ ಬಾಣಂತನ ಮಾಡುವ ಪುಟ್ಟಸಿದ್ದಮ್ಮ

ಹರದನಹಳ್ಳಿ ಪಕ್ಕದ ಅರಣ್ಯ ಇಲಾಖೆಯ ಸಸಿ ನರ್ಸರಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಟ್ಟಸಿದ್ದಮ್ಮ ತಳದಲ್ಲಿ ಸಣ್ಣ ತೂತಿರುವ ಮಡಕೆಗೆ ನೀರು ತುಂಬಿ ಹೊಂಗೆ ಕೊಂಬೆಗೆ ನೇತುಹಾಕುತ್ತಾರೆ. ನೀರು ತೊಟ್ಟು ತೊಟ್ಟಾಗಿ ಎಲೆಯಿಂದ ಎಲೆಗೆ ಇಳಿಯುತ್ತದೆ. ಎಲೆ ಮರೆಯ ಗೋಸುಂಬೆ ಒಂದು ಕಣ್ಣನ್ನು ಹನಿಯತ್ತ, ಇನ್ನೊಂದನ್ನು ಪುಟ್ಟಸಿದ್ದಮ್ಮನತ್ತ ತಿರುಗಿಸುತ್ತದೆ. ಅದು ನೀರು ನೆಕ್ಕುವ ತನಕ ಅವರು ಮಿಸುಕಾಡುವುದಿಲ್ಲ.

"ಬಟ್ಲಲ್ಲಿ ಇಟ್ರೆ ತಿರುಗೂ ನೋಡಲ್ಲ ಕಣಪ್ಪ. ಎಲೆ ಮ್ಯಾಲೆ ಬಿದ್ದ ಅನೀನೇ ಆಗ್ಬೇಕು ಇವಳ್ಗೆ" ಎಂದು ಪಿಸುಗುಟ್ಟುತ್ತಾರೆ.

ಅವರ ಕೆಲಸ ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬುವುದು, ಕಳೆ ಕೀಳುವುದು. ಗೋಸುಂಬೆಯ ಆರೈಕೆ ಯಾರೂ ಒಪ್ಪಿಸಿದ ಕೆಲಸವಲ್ಲ. ಗುಂಡ್ಲುಪೇಟೆ ರಸ್ತೆಯಲ್ಲಿ ಕಲ್ಲೇಟು ತಿಂದ ಒಂದನ್ನು ಫಾರೆಸ್ಟ್ ಗಾರ್ಡ್ ಗಂಗಾಧರಸ್ವಾಮಿ ಟವೆಲ್ಲಿನಲ್ಲಿ ಸುತ್ತಿ ತಂದು ಇವರ ಕೈಗಿತ್ತದ್ದೇ ಶುರು. ಗಾಯಗೊಂಡವು ಈಗಲೂ ಇಲ್ಲಿಗೇ ಬರುತ್ತವೆ. ವಾಸಿಯಾದರೆ ಮತ್ತೆ ಕಾಡಿಗೆ ಹೋಗುತ್ತವೆ.

ಮೊದಮೊದಲು ಪುಟ್ಟಸಿದ್ದಮ್ಮನೂ ಎಡವಿದ್ದಾರೆ. ಪಾಪ, ಒಂಟಿಯಾಗಿ ಕೊರಗುತ್ತದೆಂದು ಮರುಗಿ ಒಂದೇ ಗಿಡಕ್ಕೆ ಎರಡನ್ನು ಬಿಟ್ಟಿದ್ದರು. ಎರಡೂ ಮೈ ಉಬ್ಬಿಸಿ ಕಪ್ಪಿಟ್ಟವು. ಮಿಡತೆ ಮೂಗಿನ ಮುಂದೆ ಕುಣಿದರೂ ನಾಲಿಗೆ ಚಾಚಲಿಲ್ಲ. ಕೆಲವೇ ದಿನಗಳಲ್ಲಿ ಒಂದು ಸತ್ತಿತು.

"ನಮ್ಮನೆಯವ್ರು ತೀರ್ಕಂಡಾಗ ನನ್ ಜೊತೇಲಿ ಮಲಗಕ್ಕೆ ಯಾರ್ನಾರ ಕಳುಸ್ತಿದ್ರು. ಇವ್ಕೂ ಅಂಗೇ ಅಂತ ಅನ್ಕಂಡ್ಬುಟ್ಟೆ. ಇವ್ಕೆ ಒಂಟಿಯಾಗಿರೋದೇ ಸುಖ" ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ.

ಆಮೇಲಿಂದ ಒಂದೊಂದಕ್ಕೆ ಒಂದೊಂದು ಗಿಡ, ನಡುವೆ ಹಳೇ ಸೀರೆಯ ಮರೆ. ಬೆಳಗಿನ ಎಳೆಬಿಸಿಲು ಬೀಳಬೇಕು, ಮಧ್ಯಾಹ್ನಕ್ಕೆ ನೆರಳಿರಬೇಕು. ಮೇವಿಗೆಂದು ಔಷಧಿ ಹೊಡೆದ ಹೊಲದ ಮಿಡತೆಯನ್ನು ಅವರು ಹಿಡಿಯುವುದಿಲ್ಲ. ಕೆಂಪು ಬಟ್ಟೆ ಹಿಡಿದು ಬಣ್ಣದ ಮೋಜು ನೋಡಲು ಬಂದವರು ಬೈಸಿಕೊಳ್ಳದೆ ಹೋದದ್ದಿಲ್ಲ.

"ಬಣ್ಣ ಬದಲಾಯ್ಸೋದು ನಿಮ್ಗೆ ಆಟ. ಅದ್ಕೆ ಎದೆ ಒಡ್ಕಂಡಿರ್ತದೆ!"

ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ಎರಡೇ ತಿಂಗಳಾಗಿದೆ. ಹೊಸ ಜಿಲ್ಲೆಯ ಮೊದಲ ವನ್ಯಜೀವಿ ಸಪ್ತಾಹ ಜೋರಾಗಿಯೇ ಆಗಬೇಕಲ್ಲ! ಗುಂಡ್ಲುಪೇಟೆಯ ಪ್ರದರ್ಶನಕ್ಕೆ ಗಾಜಿನ ಪೆಟ್ಟಿಗೆಯಲ್ಲೊಂದು ಗೋಸುಂಬೆ ಬೇಕೆಂದು ಮೇಲಿನಿಂದ ಹುಕುಂ ಬಂದಿದೆ. ಸದ್ಯಕ್ಕೆ ಇಲ್ಲಿರುವುದು ಇದೊಂದೇ, ಅದರ ಹೊಟ್ಟೆ ತುಂಬ ಮೊಟ್ಟೆ. ಮೇವು ಬಿಟ್ಟು, ಪದೇ ಪದೇ ಕೆಳಗಿಳಿದು ನೆಲ ಕೆರೆಯುತ್ತಿದೆ. ಈಗ ಬೆದರಿದರೆ ಮೊಟ್ಟೆ ಒಳಗೇ ಉಳಿದು ತಾಯಿಯೂ ಸಾಯುತ್ತದೆ ಎಂಬುದನ್ನು ಪುಟ್ಟಸಿದ್ದಮ್ಮ ಹಿಂದೊಮ್ಮೆ ಕಣ್ಣಾರೆ ಕಂಡಿದ್ದಾರೆ. ಇತ್ತ ಅವರ ಕೆಲಸವೋ ದಿನಗೂಲಿಯದು, ನಾಳೆ ಬರಬೇಡ ಎಂದರೆ ಮುಗಿಯಿತು.

ಬಿಸಿಲೇರುವ ಹೊತ್ತಿಗೆ ಜೀಪು ಬಂದು ನಿಲ್ಲುತ್ತದೆ. ಗಂಗಾಧರಸ್ವಾಮಿ ಪೆಟ್ಟಿಗೆ ಇಳಿಸುತ್ತಾರೆ. "ಸಾಹೇಬ್ರು ಕಾಯ್ತಾವ್ರೆ, ಕೊಡು ಪುಟ್ಟಸಿದ್ದಮ್ಮ."

"ದಿನ ತುಂಬಿದ ಬಸ್ರಿ ಸ್ವಾಮಿ ಇವ್ಳು. ನೋವು ತಿನ್ನೋ ಮಗ್ಳ ತಕ್ಕೊಂಡೋಗಿ ಸಂತೇಲಿ ಕೂರುಸ್ತೀರಾ?"

"ನಿನ್ ಕೆಲ್ಸಕ್ಕೆ ಕುತ್ತು ಬಂದ್ರೆ?"

"ನಂಗೆ ಬ್ಯಾರೆ ಕೂಲಿ ಸಿಕ್ತದೆ. ಇವಳ್ಗೆ ಬ್ಯಾರೆ ಜೀವ ಸಿಕ್ಕೀತಾ?"

ಗಾರ್ಡ್ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ. "ಆಗಕಿಲ್ಲ ಅಂದ್ಲು ಅಂತೀನಿ ಬುಡು" ಎಂದು ಖಾಲಿ ಪೆಟ್ಟಿಗೆಯನ್ನು ಜೀಪಿಗೇರಿಸುತ್ತಾರೆ. ಈ ಹೆಂಗಸಿನ ಎದೆಗಾರಿಕೆಗೆ ಕೈ ಮುಗಿಯಬೇಕು ಅನಿಸುತ್ತದೆ.

ಜೀಪು ಹೋದದ್ದೇ ತಡ, ಪುಟ್ಟಸಿದ್ದಮ್ಮ ಬಾಣಂತಿ ಕೋಣೆಗೆ ಪರದೆ ಕಟ್ಟುವಂತೆ ಗಿಡದ ಸುತ್ತ ಸೀರೆ ಇಳಿಬಿಡುತ್ತಾರೆ. ಬುಡದ ಮಣ್ಣು ಸಡಿಲಿಸಿ ನೀರು ಚಿಮುಕಿಸಿ ದೂರ ಸರಿಯುತ್ತಾರೆ. ಜೊತೆಗೆಲಸದ ಹೆಂಗಸರೂ ತಗ್ಗಿದ ದನಿಯಲ್ಲೇ ಮಾತಾಡುತ್ತಾರೆ.

ಹೊತ್ತು ಇಳಿಯುವಾಗ ಗೋಸುಂಬೆ ಮತ್ತೆ ಕೊಂಬೆ ಹತ್ತುತ್ತದೆ. ಹೊಟ್ಟೆ ಇಳಿದಿದೆ, ಮೂತಿಗೆ ಮಣ್ಣು ಮೆತ್ತಿದೆ, ಮೈ ಎಳೆಹಸಿರಿಗೆ ತಿರುಗಿದೆ. ಕೆಳಗೆ ಮಣ್ಣು ಮುಚ್ಚಿದ ಜಾಗಕ್ಕೆ ಪುಟ್ಟಸಿದ್ದಮ್ಮ ಮುಳ್ಳಿನ ಕೊಂಬೆ ಸುತ್ತುತ್ತಾರೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

"ಮುಂದ್ಲ ಮಳೆಗೆ ಮರಿ ಏಳ್ತವೆ. ಅಲ್ಲೀಗಂಟ ಇಲ್ಲಿ ಯಾರೂ ಗುದ್ಲಿ ಆಕ್ದಿದ್ರೆ ಸಾಕು."

ನಾಳೆ ಕೆಲಸಕ್ಕೆ ಬರಬೇಡ ಎಂದುಬಿಟ್ಟರೆ?

"ಕೆಲ್ಸ ಇದ್ರೆ ಬೇಲಿ ಒಳಗಿಂದ ಕಾಯ್ತೀನಿ. ಇಲ್ದಿದ್ರೆ ಆಚೆಯಿಂದ ಕಾಯ್ತೀನಿ."